ಕೇಳಿಸಿತು ಎಂದ ಭಾನುವಾರ

ಮೊನ್ನೆ ಬಳ್ಳಾರಿಯ ದರ್ಜಿ ಅಂಗಡಿಯೊಂದರಲ್ಲಿ ಪ್ಯಾಂಟ್ ಗಿಡ್ಡ ಮಾಡಿಸಲು ನಿಂತಿದ್ದಾಗ ಮಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ಗಿಟಾರ್ ಕಲಿಸಿದ ಮೇಷ್ಟ್ರು ತಂತಿಗೆ ತುಕ್ಕು ಹಿಡಿಯದಿರಲೆಂದು ಅದೇ ಎಣ್ಣೆ ಸವರುತ್ತಿದ್ದರು. ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ...

ಪ್ರತಿ ಭಾನುವಾರ ಬಸ್ ಹತ್ತಿ ಕುರುಗೋಡಿನ ಅವರ ಮನೆಗೆ ಹೋಗುತ್ತಿದ್ದೆ. ವರ್ಷಗಟ್ಟಲೆ ಆರ್ಕೆಸ್ಟ್ರಾದ ಸ್ಪೀಕರ್ ಪಕ್ಕ ನಿಂತು ಅವರ ಬಲಗಿವಿ ಹೋಗಿತ್ತು, ಎಡಗಿವಿ ಹೋಗುವುದರಲ್ಲಿತ್ತು. ಅಷ್ಟರೊಳಗೆ ನನಗೆ ಮೋಡ್ ಅಂದರೇನೆಂದು ಅರ್ಥ ಮಾಡಿಸಬೇಕೆಂಬ ಹಟ ಅವರದು. ಸ್ವರಗಳು ಅವೇ ಏಳು. ಯಾವ ಸ್ವರವನ್ನು ಮನೆ ಮಾಡಿಕೊಂಡು ನುಡಿಸುತ್ತೇವೋ ಅದಕ್ಕೆ ತಕ್ಕಂತೆ ಭಾವ ಬದಲಾಗುತ್ತದೆ. ಸಿ ಸ್ವರ ಮನೆಯಾದರೆ ಶಂಕರಾಭರಣ ರಾಗ, ಡಿ ಮನೆಯಾದರೆ ಖರಹರಪ್ರಿಯ. ಗಿಟಾರ್ ಪುಸ್ತಕದಲ್ಲಿ ಅದರ ಹೆಸರು ಡೋರಿಯನ್. ಹೇಳುವುದಕ್ಕೆ ಇಷ್ಟೇ.

ಮಡಚಿದ ಬಸ್ ಟಿಕೆಟನ್ನು ಹಾರ್ಮೋನಿಯಂನ ಸಿ ಕೀ ಮೇಲೇಳದಂತೆ ಸಿಕ್ಕಿಸಿ ತಿದಿ ಒತ್ತುತ್ತಿದ್ದರು. ಶ್ರುತಿ ಒಂದೇ ಸಮನೆ ಮೊಳಗುತ್ತಿತ್ತು. ನಾನು ನುಡಿಸಿದ ಮೇಲೆ ಟಿಕೆಟನ್ನು ಡಿ ಕೀಗೆ ಬದಲಿಸಿ, ಅದೇ ಸ್ವರಗಳನ್ನು ಮತ್ತೆ ನುಡಿಸಲು ಹೇಳುತ್ತಿದ್ದರು. ನಾನೋ ಪುಸ್ತಕದ ಚಿತ್ರ ನೋಡಿ ಬೆರಳಿಡುವ ಗಿರಾಕಿ. ಯಾವ ಫ್ರೆಟ್ಟಿಗೆ ಯಾವ ಬೆರಳು ಎಂಬ ಚಿಂತೆಯಲ್ಲಿ ಕಿವಿ ಎಲ್ಲಿತ್ತೋ! ನನಗೆ ಎರಡೂ ಒಂದೇ.

“ಬೆರಳ ನೋಡಬ್ಯಾಡಲೇ, ಶ್ರುತಿ ಕೇಳು. ಈ ಕಿವಿ ಹೋಗೂದ್ರಾಗ ನಿನಗ ಕೇಳಿಸಬೇಕು,” ಎಂದು ಕೊನೆಕೊನೆಗೆ ಅಂಗಲಾಚುತ್ತಿದ್ದರು. ಅದನ್ನು ನೋಡಲಾರದೆ, ಅರ್ಧ ಕನಿಕರಕ್ಕೆ ಅರ್ಧ ಬೇಸರಕ್ಕೆ, ಒಂದು ಭಾನುವಾರ ಕೋಲೆಬಸವನಂತೆ ತಲೆಯಾಡಿಸಿದೆ.

“ಕೇಳಿಸ್ತ್ರಿ ಸರ.”

ಅವರು ಹಾರ್ಮೋನಿಯಂ ಮುಚ್ಚಿದರು. “ಇನ್ನ ನೀ ಬರೂದು ಬ್ಯಾಡ. ನನ್ನ ಕೆಲಸ ಮುಗೀತು,” ಎಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಎರಡು ವರ್ಷದ ಮೇಲೆ ಸಿರುಗುಪ್ಪದ ಮದುವೆಯೊಂದಕ್ಕೆ ಆರ್ಕೆಸ್ಟ್ರಾದಲ್ಲಿ ನುಡಿಸಲು ಹೋಗಿದ್ದೆ. ಕೀಬೋರ್ಡಿನವನು ಸ್ಪೀಕರ್ ಪರೀಕ್ಷೆಗೆಂದು ಡಿ ಸ್ವರ ಒತ್ತಿ ಹಿಡಿದಿದ್ದ. ನಾನು ಬೆರಳು ಸಡಿಲಾಗಲೆಂದು ಅದೇ ಏಳು ಸ್ವರ ನುಡಿಸುತ್ತಿದ್ದೆ. ಥಟ್ಟನೆ ಕೇಳಿಸಿತು. ಸದಾ ನಗುತ್ತಿದ್ದ ಸ್ವರಗಳೇ ಗಂಟಲುಬ್ಬಿ ನಿಂತಿದ್ದವು.

ಮರುದಿನ ಬೆಳಿಗ್ಗೆಯೇ ಗಿಟಾರ್ ಹೊತ್ತು ಕುರುಗೋಡಿಗೆ ಓಡಿದೆ. ಮೇಷ್ಟ್ರ ಎರಡೂ ಕಿವಿ ಹೋಗಿದ್ದವು. ಎದುರು ಕುಳಿತು, ಡಿಯಲ್ಲೇ ಶುರುಮಾಡಿ ಡಿಯಲ್ಲೇ ನಿಲ್ಲಿಸಿದೆ. ನನ್ನ ಬೆರಳುಗಳನ್ನೇ ನೋಡುತ್ತಿದ್ದವರು ಹೆಂಡತಿಯ ಕಡೆ ತಿರುಗಿ, “ನೋಡು, ಡಿ ಮನಿ ಮಾಡ್ಯಾನ. ನನ್ನ ಕಿವಿ ಇದ್ದಾಗ ಕೇಳಿಸ್ಕೊಂಡ ಹುಡುಗ ಇವನೊಬ್ಬನ,” ಎಂದರು. ನಿಜವನ್ನು ಕಾಗದದಲ್ಲಿ ಬರೆದು ತೋರಿಸಬಹುದಿತ್ತು. ಬರೆಯಲಿಲ್ಲ.

ಅವರು ತೀರಿಕೊಂಡು ಈಗ ಮೂರು ವರ್ಷ. ದರ್ಜಿ ಎರಡು ಸಲ ಕರೆದ ಮೇಲೆ ಬೆಂಚಿನಿಂದ ಎದ್ದೆ, ಪ್ಯಾಂಟ್ ತೆಗೆದುಕೊಂಡು ಮನೆಗೆ ಬಂದೆ. ಎಷ್ಟು ಹಲುಬಿದರೂ ಅಷ್ಟೇ. ಅವತ್ತು ‘ಇಲ್ಲ’ ಎಂದಿದ್ದರೆ ಅವರು ಇನ್ನೊಂದಿಷ್ಟು ಭಾನುವಾರ ತಿದಿ ಒತ್ತುತ್ತಿದ್ದರು. ಎಡಗಿವಿಯಲ್ಲಿ ಜೀವ ಇರುವಾಗಲೇ ಅದು ನಮ್ಮಿಬ್ಬರಿಗೂ ಒಟ್ಟಿಗೆ ಕೇಳಿಸುತ್ತಿತ್ತೋ ಏನೋ. ಈಗ ನುಡಿಸಿದಾಗಲೆಲ್ಲ ಕೇಳಿಸುತ್ತದೆ, ನನಗೊಬ್ಬನಿಗೆ.