ಹುಳುವಿನ ಹೆಸರಿನಲ್ಲಿ

ನಮ್ಮ ಮನೆಗೆ ಯಾರೇ ಬರಲಿ, ಅಂಗಳದಲ್ಲೇ ಮಾತಿಗೆ ನಿಲ್ಲಿಸಿ ಒಮ್ಮೆ ಮೂಸುತ್ತೇನೆ, ಅವರಿಗೆ ಗೊತ್ತಾಗದ ಹಾಗೆ. ಪೌಡರ್ ಹಾಕಿದ್ದಾರೋ, ಬೀಡಿ ಸೇದಿ ಬಂದಿದ್ದಾರೋ, ತಲೆಗೆ ಯಾವ ಎಣ್ಣೆ, ಬೆಳಗ್ಗೆ ಯಾವ ಸಾರು, ಎಲ್ಲ ಹತ್ತು ಅಡಿ ದೂರದಿಂದಲೇ ತಿಳಿಯುತ್ತದೆ. ತಿಳಿದ ಮೇಲೆ ಒಂದೇ ಮಾತು: "ಒಳಗ್ ಬರ್ಬೇಡಿ, ಹುಳ ಇದೆ. ಹುಳಕ್ಕಾಗಲ್ಲ."

ನಾವು ರೇಷ್ಮೆ ಹುಳು ಸಾಕುವವರು. ಶಿಡ್ಲಘಟ್ಟ ತಾಲ್ಲೂಕು, ಸಾದಲಿ ಕಡೆಯ ಒಂದು ಹಳ್ಳಿ. ಹುಳುವಿಗೆ ಘಾಟು ಆಗದು, ಹೊಗೆ ಆಗದು, ಹೊರಗಿನ ಕಾಲಿನ ಕೊಳೆ ಆಗದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಮೂವತ್ತು ವರ್ಷ ನನ್ನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಅದರಲ್ಲಿ ಅರ್ಧ ನಿಜ. ಉಳಿದರ್ಧ ಹುಳುವಿಗಲ್ಲ, ನನಗೆ ಆಗದ್ದು.

ಕುಕ್ಕರ್ ಸೀಟಿ ಹೊಡೆದರೆ ನನಗೆ ಹಲ್ಲಿನ ಬೇರಿನವರೆಗೆ ನೋವು ಇಳಿಯುತ್ತದೆ. ಸ್ಟೀಲ್ ತಟ್ಟೆಯನ್ನು ಸಿಮೆಂಟ್ ನೆಲದ ಮೇಲೆ ಎಳೆದರೆ ಊಟ ಬಿಟ್ಟು ಏಳಬೇಕು. ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಕೂತರೆ ಎದುರಿನವರ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಹೊಸ ಅಂಗಿಯ ಕತ್ತಿನ ಹಿಂದಿನ ಲೇಬಲನ್ನು ಬ್ಲೇಡಿನಿಂದ ಬಿಡಿಸಿ ಆಮೇಲೆ ತೊಡುತ್ತೇನೆ. ಮದುವೆ ಮನೆಯಲ್ಲಿ ಬ್ಯಾಂಡ್‌ಸೆಟ್ಟಿನವರು ಬರುವ ಮೊದಲೇ ಮುಖ ತೋರಿಸಿ ಹೊರಟುಬಿಡುತ್ತೇನೆ. "ಅವ್ನಿಗೆ ದೊಡ್ಡಸ್ತಿಕೆ ಕಣಪ್ಪ, ನಮ್ಮನೆ ಊಟ ಇಳಿಯಲ್ಲ" ಎನ್ನುತ್ತಾರೆ. ಅನ್ನಲಿ. ಕೈಲಾಗದವನು ಎನ್ನಿಸಿಕೊಳ್ಳುವುದಕ್ಕಿಂತ ಜಂಬದವನು ಎನ್ನಿಸಿಕೊಳ್ಳುವುದು ವಾಸಿ. ದಿನಕ್ಕೆ ಮೂರು ಸಲ ತಲೆ ಮೇಲೆ ಸೊಪ್ಪಿನ ಹೊರೆ ಹೊರುವ ಮೈ ಇದು. ಒಂದು ಸೀಟಿಗೆ ಹೆದರುತ್ತದೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಪ್ಪನಿಗೆ ಕೆಲಸಕ್ಕೆ ಆಳು ಬೇಕಿತ್ತು, ಅದಕ್ಕೇ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ. ಆಳು ಬೇಕಿದ್ದದ್ದು ಹೌದು, ಆದರೆ ಅಪ್ಪ ಬಿಡಿಸಲಿಲ್ಲ. ನಮ್ಮ ಕ್ಲಾಸಿನ ಕಿಟಕಿಯ ಪಕ್ಕ ರೈಲು ಕಂಬಿಯ ತುಂಡೊಂದನ್ನು ಗಂಟೆ ಎಂದು ನೇತುಹಾಕಿದ್ದರು. ಅದನ್ನು ಬಡಿದಾಗಲೆಲ್ಲ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. "ಏನೋ, ಪಾಠ ಕೇಳ್ಬಾರ್ದು ಅಂತ ಕಿವಿಗೆ ಬಿರಡೆ ಹಾಕ್ಕೊಂಡಿದೀಯಾ?" ಎಂದು ಮೇಷ್ಟ್ರು ಬೆರಳಿನ ಗೆಣ್ಣಿನ ಮೇಲೆ ಹೊಡೆದರು. ಇಡೀ ಕ್ಲಾಸು ನಕ್ಕಿತು. ಮಾರನೆಯ ದಿನ ಚೀಲ ತೆಗೆದುಕೊಂಡು ಹೊರಟವನು ಶಾಲೆಗೆ ಹೋಗಲಿಲ್ಲ, ಹಿಪ್ಪುನೇರಳೆ ತೋಟಕ್ಕೆ ಹೋದೆ. ಅವತ್ತಿನಿಂದ ಯಾರು ಎಲ್ಲಿ ನಕ್ಕರೂ ನನಗೆ ಮೊದಲು ಬರುವ ಯೋಚನೆ ಒಂದೇ: ನನ್ನನ್ನು ನೋಡಿಯೇ ನಕ್ಕರು.

ಮದುವೆಯಾದ ಮೊದಲ ವಾರ ಹೆಂಡತಿಯ ಪೌಡರ್ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದೆ. "ಯಾವ್ ಸೀಮೆ ಹುಳಾನೋ ನಿಮ್ದು, ಅತ್ತೆಗಿಂತ ಕಡೆ" ಎಂದಳು. ನನ್ನಮ್ಮ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಹೀಗಂದರೂ ಹೆಂಡತಿ ನನ್ನ ಮಾತು ನಂಬಿದಳು. ನಮ್ಮಲ್ಲಿ ಒಂದು ಬೆಳೆ ಗೂಡು ಕಟ್ಟಿ ಮುಗಿಯುವಷ್ಟರಲ್ಲಿ ಮುಂದಿನ ಮರಿಹುಳು ಬಂದಿರುತ್ತದೆ. ಹುಳು ಇಲ್ಲದ ದಿನ ವರ್ಷದಲ್ಲಿ ಕಡಿಮೆ. ಹಾಗಾಗಿ ನನ್ನ ಸುಳ್ಳಿಗೂ ರಜೆ ಇರಲಿಲ್ಲ.

ಅದಕ್ಕೆ ಕುತ್ತು ಬಂದದ್ದು ಕಳೆದ ವರ್ಷ, ಮಗಳು ಬಾಣಂತನಕ್ಕೆ ಬಂದಾಗ. ಒಬ್ಬಳೇ ಮಗಳು. ಅಂಬಾಜಿದುರ್ಗದ ಬುಡದ ಹಳ್ಳಿಗೆ ಕೊಟ್ಟಿದ್ದೇವೆ. ಚಿಂತಾಮಣಿಯಲ್ಲಿ ಹೆರಿಗೆಯಾಗಿ ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಳು. ಮೊದಲ ಬಾಣಂತನ ತವರಿನಲ್ಲಿ, ಮೂರು ತಿಂಗಳು. ಆ ಮೂರು ತಿಂಗಳಿಗೆ ನಾನು ಎಷ್ಟು ಕಾದಿದ್ದೆ ಎಂದು ಬಾಯಿಬಿಟ್ಟು ಹೇಳುವವನಲ್ಲ.

ಬಾಣಂತಿಗೂ ಮಗುವಿಗೂ ನೀರೆರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವುದು ನಮ್ಮ ಪದ್ಧತಿ. ಮೊದಲ ದಿನದ ಹೊಗೆ ಅಂಗಳ ದಾಟಿ ನೇರ ನನ್ನ ಗಂಟಲಿಗೆ ಬಂತು.

"ಹೊಗೆ ನಿಲ್ಸು. ಹುಳಕ್ಕಾಗಲ್ಲ."

"ಹೊಗೆ ಹಾಕ್ದೆ ನಾಳೆ ಇವ್ಳು ಸೊಂಟ ಹಿಡ್ಕೊಂಡು ಕೂತ್ರೆ ನಿಮ್ ಹುಳ ಬಂದು ನೀವುತ್ತಾ?" ಎಂದಳು ಹೆಂಡತಿ.

ಆದರೂ ಮಾರನೆಯ ದಿನದಿಂದ ಅಂಗಳಕ್ಕೆ ಹೊಗೆ ಬರಲಿಲ್ಲ. ಗೆದ್ದೆ ಎಂದುಕೊಂಡೆ. ಹೇಗೆ ನಿಂತಿತು ಎಂದು ಕೇಳಲಿಲ್ಲ.

ಎರಡನೇ ವಾರದಿಂದ ಮನೆಯೊಳಗೆ ಪಿಸುಮಾತು ಶುರುವಾಯಿತು. ನಾನು ಕಾಲಿಟ್ಟರೆ ನಿಲ್ಲುತ್ತಿತ್ತು. ತಾಯಿ ಮಗಳು ಇಬ್ಬರೂ ಮಗುವಿನ ಮುಖ ನೋಡುತ್ತ ಸುಮ್ಮನಾಗುತ್ತಿದ್ದರು. ನನ್ನ ಕಿವಿ ಎಂಥದ್ದೆಂದು ಅವರಿಗೆ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಮಗಳು ಫೋನಿನಲ್ಲಿ ಗಂಡನಿಗೆ ಹೇಳಿದ್ದು ಕೇಳಿಸಿತು: "ಇಲ್ಲಿ ಉಸಿರಾಡೋಕಾಗ್ತಿಲ್ಲ ಕಣ್ರೀ. ಭಾನುವಾರ ಬಂದು ಕರ್ಕೊಂಡೋಗಿ. ಅಪ್ಪಂಗೆ ಈಗ್ಲೇ ಹೇಳ್ಬೇಡಿ."

ಭಾನುವಾರಕ್ಕೆ ಐದು ದಿನವಿತ್ತು. ಬಾಣಂತಿ ಮಗಳು ತಿಂಗಳು ತುಂಬುವ ಮೊದಲೇ ತವರು ಬಿಟ್ಟು ಹೋದರೆ ಊರು ಏನನ್ನುತ್ತದೆ ಎಂಬುದು ಇರಲಿ. ಹೋದವಳು ಮತ್ತೆ ಈ ಹೊಸ್ತಿಲಿಗೆ ಬರುತ್ತಾಳೋ ಇಲ್ಲವೋ, ಆ ಮಗು ನನ್ನ ತೋಳಿಗೆ ಮತ್ತೆ ಬರುತ್ತದೋ ಇಲ್ಲವೋ, ಅದು ನನ್ನನ್ನು ಕೊರೆಯಿತು. ಯಾಕಮ್ಮ ಎಂದು ಕೇಳಿಬಿಡಬಹುದಿತ್ತು. ಕೇಳಲಿಲ್ಲ. ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ, ಹೆಂಡತಿಯೂ ಅದರಲ್ಲಿದ್ದಾಳೆ ಎಂದು ಹೊಂಚು ನೋಡತೊಡಗಿದೆ.

ಅವತ್ತೇ ಮಧ್ಯಾಹ್ನ ಸೊಪ್ಪು ತಂದು ಅಂಗಳದಾಚೆಯ ಹುಳದ ಮನೆಗೆ ಹೋದರೆ, ಹೊಸ್ತಿಲಲ್ಲಿ ಚೆಲ್ಲಿದ್ದ ಬ್ಲೀಚಿಂಗ್ ಪುಡಿಯ ಮೇಲೆ ಬರಿಗಾಲಿನ ಗುರುತು. ನಾನು, ಹೆಂಡತಿ ಬಿಟ್ಟರೆ ಅಲ್ಲಿಗೆ ಯಾರೂ ಬರುವಂತಿಲ್ಲ. ಒಳಗೆ ಗಾಳಿ ಎಳೆದುಕೊಂಡೆ. ಸೊಪ್ಪಿನ ವಾಸನೆ, ಹಿಕ್ಕೆಯ ವಾಸನೆ, ಅದರ ನಡುವೆ ತೆಳ್ಳಗೆ ಓಮ.

"ನೀನು ಕಾಲ್ ತೊಳೀದೆ ಒಳಗ್ ಬಂದ್ಯಾ?" ಎಂದು ಹೆಂಡತಿಯನ್ನು ಕೇಳಿದೆ.

"ಮೂವತ್ತೊರ್ಷದಿಂದ ತೊಳ್ಕೊಂಡೇ ಬರ್ತಿದೀನಿ. ಪಾದ ಸವೆದೋಗಿದೆ, ನೋಡಿ ಬೇಕಾದ್ರೆ."

ಅವಳಲ್ಲದಿದ್ದರೆ ಇನ್ಯಾರು? ತಮ್ಮ. ಅವನ ಹುಳದ ಮನೆ ನಮ್ಮದರ ಬೆನ್ನಿಗೇ ಇದೆ. ಹೊಟ್ಟೆ ಉಬ್ಬರಕ್ಕೆಂದು ಯಾವಾಗಲೂ ಓಮ ಅಗಿಯುತ್ತಿರುತ್ತಾನೆ. ಹಿಂದಿನ ಬೆಳೆಯಲ್ಲಿ ಅವನ ಹುಳುವೆಲ್ಲ ಹಾಲುತೊಂಡೆ ರೋಗ ಬಂದು ಬೆಳ್ಳಗೆ ಊದಿ ಸತ್ತಿತ್ತು. ಆ ಕಾಲಿನಲ್ಲಿ ಬಂದು ನನ್ನ ಹೊಸ್ತಿಲು ತುಳಿದರೆ ನನ್ನ ಬೆಳೆಯೂ ಮುಗಿದಂತೆಯೇ. ಲೆಕ್ಕ ಸರಿಹೋಯಿತು ಎಂದುಕೊಂಡು ನೇರ ಅವನ ತೋಟಕ್ಕೆ ಹೋದೆ.

"ನನ್ ಶೆಡ್‌ಗೆ ಯಾಕೋ ಬಂದಿದ್ದೆ?"

"ಯಾವಾಗ?"

"ಇವತ್ತು. ಹೊಸ್ತಿಲಲ್ಲಿ ಕಾಲ್ ಗುರ್ತಿದೆ, ಒಳಗೆ ಓಮದ ವಾಸ್ನೆ ಇದೆ."

ತಮ್ಮ ಸೊಪ್ಪಿನ ಕಟ್ಟು ಕೆಳಗಿಟ್ಟ. "ಏಮನ್ನಾ ಇದಿ, ಏನಣ್ಣಾ ಇದು! ಸಾಕ್ಷಿಗೆ ನಿನ್ ಮೂಗನ್ನ ಕರ್ಕೊಂಡ್ ಬಂದಿದೀಯಾ? ನನ್ ಹುಳ ಸತ್ತಾಗ ಏನಾಯ್ತೋ ಅಂತ ಒಂದಿನ ಕೇಳ್ದೋನಲ್ಲ. ಇವತ್ತು ಕಾಲ್ ಅಳತೆ ತೊಗೊಳೋಕೆ ಬಂದ್ಬಿಟ್ಟ!"

ಅವನ ಪಾದ ನೋಡಿದೆ. ಅಗಲ ಪಾದ. ಹೊಸ್ತಿಲಿನ ಗುರುತು ಅದರ ಮುಕ್ಕಾಲು ಪಾಲೂ ಇರಲಿಲ್ಲ. ಅದು ಕಣ್ಣಿಗೆ ಕಂಡ ಮೇಲೂ, "ಇನ್ನೊಂದ್ಸಲ ಬಂದ್ರೆ ನೋಡು" ಎಂದು ಹೇಳಿಯೇ ತಿರುಗಿದೆ.

ಮಾರನೆಯ ಮಧ್ಯಾಹ್ನ ಕುಡುಗೋಲು, ಹಗ್ಗ ಹಿಡಿದು "ತೋಟಕ್ಕೆ ಹೋಗ್ಬರ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಹುಲ್ಲಿನ ಬಣವೆಯ ಹಿಂದೆ ನಿಂತೆ. ನನ್ನ ಮನೆಗೆ ನಾನೇ ಕಳ್ಳನಂತೆ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಮಗಳು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಅತ್ತಿತ್ತ ನೋಡಿ ಅಂಗಳ ದಾಟಿದಳು. ಹುಳದ ಮನೆಯ ಸೊಳ್ಳೆಪರದೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಬಣವೆ ಬಿಟ್ಟು ಅವಳ ಹಿಂದೆಯೇ ನಡೆದೆ. ಹೆತ್ತ ಮೈಲಿಗೆ ಕಳೆಯದೆ ಬಾಣಂತಿ ಹುಳದ ಮನೆಗೆ ಕಾಲಿಡುವಂತಿಲ್ಲ. ಇಟ್ಟರೆ ಹುಳು ಉಳಿಯುವುದಿಲ್ಲವೆಂದು ಈ ಕಡೆಯ ನಂಬಿಕೆ. ಇಲ್ಲೇ ಹುಟ್ಟಿ ಬೆಳೆದವಳಿಗೆ ಅದು ಗೊತ್ತಿಲ್ಲವೇ? ಹೋಗುವ ಮುಂಚೆ ನನ್ನ ಬೆಳೆ ಕೆಡಿಸಿಯೇ ಹೋಗಬೇಕೆಂದಿದ್ದಾಳೆಯೇ? ಅಷ್ಟು ದೂರ ಹೋಯಿತು ನನ್ನ ಬುದ್ಧಿ. ಸ್ವಂತ ಮಗಳ ಮೇಲೆ.

ಒಳಗೆ ಮಬ್ಬು ಬೆಳಕು. ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಹುಳು ಹರಡಿದ್ದ ಎರಡು ತಟ್ಟಿಸಾಲುಗಳ ನಡುವೆ ಗೋಣಿಚೀಲ ಹಾಸಿಕೊಂಡು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಗೋಡೆಗೊರಗಿ ಕೂತಿದ್ದಳು. ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳ ಹುಬ್ಬಿನ ನಡುವಿನ ಗಂಟು ಸಡಿಲಿತ್ತು. ಎರಡು ವಾರದಲ್ಲಿ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ.

"ಬಾಣಂತಿ ಬಂದು ಕೂರೋ ಜಾಗಾನೇನೇ ಇದು?" ಮಗು ಏಳುತ್ತದೆಂದು ಕೂಗಲೂ ಆಗದೆ ಹಲ್ಲು ಕಚ್ಚಿ ಕೇಳಿದೆ.

ಅವಳು ಬೆಚ್ಚಿದಳು, ಏಳಲಿಲ್ಲ. "ಇನ್ನೆಲ್ಲಿ ಕೂರ್ಲಪ್ಪಾ? ನೀನ್ ತೋಟಕ್ಕೆ ಹೋದ್ರೆ ಸಾಕು, ದಿಬ್ಬೂರಹಳ್ಳಿಯಿಂದ, ಎಲ್ಲೆಲ್ಲಿಂದಾನೋ ದಿನಾ ಯಾರಾದ್ರೂ ಮಗು ನೋಡೋಕೆ ಒಳಗ್ ಬರ್ತಾರೆ. ಎಲ್ರೂ ಒಟ್ಗೇ ಮಾತು. ಕುಕ್ಕರ್ ಬೇರೆ. ಅಮ್ಮ ನಿನ್ ಹುಳಕ್ಕೆ ಹೊಗೆ ಹೋಗ್ಬಾರ್ದು ಅಂತ ಬಾಗ್ಲು, ಕಿಟಕಿ ಎಲ್ಲಾ ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಒಳಗೇ ಹೊಗೆ ಹಾಕ್ತಾಳೆ. ಸತ್ತೇ ಹೋಗ್ತೀನೇನೋ ಅನ್ಸುತ್ತೆ."

ಹೊಗೆ ಹೇಗೆ ನಿಂತಿತೆಂದು ಆಗ ಗೊತ್ತಾಯಿತು. ನಿಂತಿರಲಿಲ್ಲ. ನನ್ನ ಮಾತಿನಿಂದ ಅದು ಅವಳ ಕೋಣೆಯಲ್ಲೇ ಉಳಿದಿತ್ತು.

"ಚಿಕ್ಕೋಳಿದ್ದಾಗಿಂದ್ಲೂ ಹಿಂಗೇ ನಂಗೆ" ಎಂದಳು. "ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಯೂನಿಫಾರ್ಮಿನ ಕಾಲರು ಚುಚ್ಚುತ್ತದೆ ಎಂದು ಶಾಲೆಗೆ ಹೋಗುವ ಹೊತ್ತಿಗೆ ಅಳುತ್ತಿದ್ದಳು. ಜಡೆ ಹಾಕಲು ಕೈ ಇಟ್ಟರೆ ಕಿರುಚುತ್ತಿದ್ದಳು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿ ಓಡುತ್ತಿದ್ದಳು. ಹಾಗೆ ಕಿವಿ ಮುಚ್ಚಿದ್ದಕ್ಕೆ ಒಮ್ಮೆ ಕೆನ್ನೆಗೆ ಬಾರಿಸಿದ್ದೆ. ಹಠ ಎಂದು ಹೊಡೆದೆ ಎಂದು ಹೆಂಡತಿಗೆ ಹೇಳಿದೆ. ನಿಜ ಅದಲ್ಲ. ನನ್ನ ಗುಟ್ಟು ಅವಳಿಗೆ ಹೇಗೋ ತಿಳಿದಿದೆ, ನನ್ನನ್ನೇ ಅಣಕಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಐದು ವರ್ಷದ ಮಗು ಅದು.

"ಅಪ್ಪಾ, ಹುಳಕ್ಕೆ ಆಗಲ್ವಾ, ನಿಂಗೆ ಆಗಲ್ವಾ?"

"ಯಾರು ಹೇಳ್ಕೊಟ್ರು ನಿಂಗೆ? ನಿಮ್ಮಮ್ಮಾನಾ?"

"ಎಲ್ರ ಮೇಲೂ ಅನುಮಾನ ಕಣಪ್ಪ ನಿಂಗೆ" ಎಂದು ನಕ್ಕಳು. ಆ ನಗುವನ್ನೂ ಒಂದು ಕ್ಷಣ ತೂಗಿ ನೋಡಿದೆ. ಇಂಥವರು ತುಂಬ ಜನ ಇದ್ದಾರಂತೆ, ಫೋನಿನಲ್ಲಿ ಓದಿದಳಂತೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಹೇಳಿದಳು. ಬೇಡ ಎಂದೆ. ಹೆಸರು ಅಂತ ಒಂದು ಇದ್ದರೆ ಊರಿನ ಬಾಯಿಗೆ ಅನುಕೂಲ.

"ಹಂಗಾದ್ರೆ ಹೆಸ್ರು ಬೇಡ. ಹುಳಕ್ಕಲ್ಲ, ನಂಗೆ ಅಂತ ಅಮ್ಮಂಗೆ ಹೇಳು. ನಾನ್ ಹೇಳಿದ್ರೆ ಹಠ ಅಂತಾಳೆ. ನೀನ್ ಹೇಳಿದ್ರೆ ಹೊಗೆ ನಿಲ್ಲುತ್ತೆ. ನಿಂತ್ರೆ ಇರ್ತೀನಿ, ಇಲ್ದಿದ್ರೆ ಭಾನುವಾರ ಹೋಗ್ತೀನಿ."

ಗುರುವಾರ ಹೇಳಲಿಲ್ಲ, ಶುಕ್ರವಾರವೂ ಹೇಳಲಿಲ್ಲ. ಶನಿವಾರ ಹುಳು ಹಣ್ಣಾಯಿತು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು. ಅವತ್ತು ನಾಲ್ಕು ಕೈ ಸಾಲದು. ತಮ್ಮನ ಬಾಗಿಲಿಗೆ ಹೋಗಿ ನಿಂತೆ. "ಕಾಲ್ ತೊಳ್ಕೊಂಡೇ ಬರ್ತೀನಿ, ನಡಿ" ಎಂದ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಯಿಂದ ಬರಲಿಲ್ಲ. ಇನ್ನೂ ಬಂದಿಲ್ಲ. ಸಂಜೆಯವರೆಗೆ ಪಕ್ಕಪಕ್ಕದಲ್ಲೇ ಕೂತು ಹುಳು ಆರಿಸಿದೆವು. ಹೆಂಡತಿಯೂ ಎದುರಿಗೇ ಇದ್ದಳು. ಅವತ್ತೂ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಅಳಿಯ ಕಾರು ತಂದ. ಮಗಳ ಬ್ಯಾಗು ಬಾಗಿಲ ಹಿಂದೆ ಸಿದ್ಧವಾಗಿ ನಿಂತಿತ್ತು. ದಾರಿಯಲ್ಲಿ ಗಾಳಿ ತಗಲುತ್ತದೆ, ಕೊನೇ ಸಲ ಒಂದು ಹೊಗೆ ಹಾಕಿ ಕಳಿಸೋಣ ಎಂದು ಹೆಂಡತಿ ಕೆಂಡದ ತಟ್ಟೆ ಹಿಡಿದು ಕೋಣೆಗೆ ಹೊರಟಳು. ಮಗಳು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೇಡ."

"ಹುಳ ಆಗ್ಲೇ ಗೂಡು ಕಟ್ತಾ ಇದೆ, ಇನ್ನೇನಂತೆ ಅದಕ್ಕೆ?"

"ಹುಳಕ್ಕಲ್ಲ. ನಂಗಾಗಲ್ಲ. ಯಾವತ್ತೂ ಆಗಿಲ್ಲ. ಅವ್ಳಿಗೂ ಆಗಲ್ಲ."

ಹೆಂಡತಿ ತಟ್ಟೆ ಹಿಡಿದೇ ನಿಂತಳು. ನಗುತ್ತಾಳೆಂದು ಕಾದೆ. ನಗಲಿಲ್ಲ.

"ಅಂದ್ರೆ ನಮ್ ತಂಗಿ ಮದ್ವೇಲಿ ನಾನು ಮಲ್ಲಿಗೆ ಮುಡೀದೆ ಬೋಳಿ ಥರ ಓಡಾಡಿದ್ದು?"

ಹೌದು ಎಂದು ತಲೆಯಾಡಿಸಿದೆ.

"ನಂಗಾಗಲ್ಲ ಕಣೇ ಅಂತ ಒಂದ್ ಮಾತು ಹೇಳಿದ್ರೆ ಮುಡೀತಿರ್ಲಿಲ್ಲ. ಹುಳದ್ ಹೆಸ್ರು ಹೇಳಿ ಹೆದ್ರಿಸಿದ್ರಲ್ಲ ನನ್ನ!" ಅಳಿಯನ ಎದುರಿಗೇ ಅಂದಳು. ಹಿತ್ತಲಿಗೆ ಹೋಗಿ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದಳು. ಆಮೇಲೆ ಎಂಟು ದಿನ ನನ್ನ ಜೊತೆ ಮಾತಿಲ್ಲ.

ಅಳಿಯ ಕಾಫಿ ಕುಡಿದು, ಮಗಳ ಜೊತೆ ಕೋಣೆಯಲ್ಲಿ ಏನೋ ಮೆಲ್ಲಗೆ ಮಾತಾಡಿ, ಖಾಲಿ ಕಾರಿನಲ್ಲಿ ಹಿಂತಿರುಗಿದ. ಚಿಂತಾಮಣಿ ತಲುಪುವಷ್ಟರಲ್ಲಿ ಎಷ್ಟು ಜನಕ್ಕೆ ಹೇಳಿರುತ್ತಾನೋ ಎಂದು ನಾನು ರಸ್ತೆ ನೋಡುತ್ತ ನಿಂತಿದ್ದೆ. ಒಳಗೆ ಬಂದಾಗ ಮಗಳು ಬ್ಯಾಗು ಬಿಚ್ಚುತ್ತಿದ್ದಳು. ಮಗುವಿನ ಬಟ್ಟೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಜೋಡಿಸಿದಳು. ತನ್ನ ಸೀರೆಗಳನ್ನು ಮಾತ್ರ ತೆಗೆಯದೆ ಜಿಪ್ ಎಳೆದಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು, ಆದರೂ ಬಿಚ್ಚಲಿಲ್ಲ. ಮೂರು ತಿಂಗಳು ತುಂಬುವವರೆಗೂ ಆ ಬ್ಯಾಗು ಹಾಗೆಯೇ ಇತ್ತು, ಅರ್ಧ ತುಂಬಿಕೊಂಡು, ಬಾಗಿಲ ಹಿಂದೆ.