ಬ್ಯಾಂಕಾಕಿಗೆ ಹೋದ ಸೀರಿ ಮರಿ

ಕರೂರಿನ ಯಂಕಮ್ಮ ಆಶಾ ಕಾರ್ಯಕರ್ತೆಯಾಗಿ ಹದಿನಾರು ವರ್ಷ ಆಗಿತ್ತು. ತವರು ಕುರುಗೋಡು, ಓದು ಏಳನೇ ಕ್ಲಾಸು. ಊರಲ್ಲಿ ಯಾರು ಬಸುರಿ, ಯಾರ ಕೂಸಿಗೆ ಯಾವ ಸೂಜಿ ಬಾಕಿ, ಯಾವ ಸೊಸೆ ಗುಳಿಗೆ ನುಂಗಿದೆ ಅಂತ ಹೇಳಿ ಗೋಡೆ ಸಂದಿಗೆ ತುರುಕಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ಕೇಳಿದ್ದನ್ನು ಬರೆದುಕೊಳ್ಳುವಳು, ಬರೆದದ್ದನ್ನು ಇನ್ನೊಮ್ಮೆ ಕೇಳಿ ನೋಡುವಳು. ಗಂಡ ಹೊನ್ನೂರಪ್ಪ, "ನಿನ್ನ ಕೂಡ ಜಗಳ ಆಡಾಕೂ ಆಗಲ್ಲ. ಯಾವ ದಿನ ಏನಂದಿದ್ದೆ ಅಂತ ಬುಕ್ ತೆಗಿತಿ" ಅಂತ ನಗುತ್ತಿದ್ದ.

ಮೂರು ವರ್ಷದ ಹಿಂದೆ ಭತ್ತದ ನಾಟಿ ಹಂಗಾಮಿನಲ್ಲಿ ಆ ಬುಕ್ಕಿನಲ್ಲೇ ಅವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ತಿಂಗಳಲ್ಲಿ ಮೂವತ್ತೊಂದು ಹೆಣ್ಣುಮಕ್ಕಳು ಉರಿಮೂತ್ರ ಅಂತ ಬಂದಿದ್ದರು. ಮೂವತ್ತೊಂದು ಮಂದಿಯೂ ನಾಟಿ ಹಚ್ಚುವವರೇ. ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ ಗುಳಿಗೆ ಕೊಡಿಸಿದರೆ ಎಂಟು ದಿನ ಆರಾಮ, ಮತ್ತೆ ಅದೇ ಉರಿ. ಯಂಕಮ್ಮ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಳು.

"ಮುಂಜಾನಿಂದ ಸಂಜಿತನಕ ಎಷ್ಟು ನೀರು ಕುಡಿತಿ?"

"ಬುತ್ತಿ ಉಂಡಾಗ ಒಂದು ಲೋಟ."

"ಅಷ್ಟ ಯಾಕ?"

"ಕುಡದ್ರ ಎಲ್ಲಿಗೆ ಹೋಗಬೇಕಕ್ಕ?"

ಆ ಸೀಮೆಯಲ್ಲಿ ಗದ್ದೆ ಅಂದರೆ ಕಣ್ಣು ಹರಿದಷ್ಟು ದೂರ ನೀರು ನಿಂತ ಬಯಲು. ಗಿಡ ಇಲ್ಲ, ಪೊದೆ ಇಲ್ಲ. ಒಂದು ಕಡೆ ಟ್ರ್ಯಾಕ್ಟರಿನವನು, ಇನ್ನೊಂದು ಕಡೆ ಕಾಲುವೆ ದಾರಿಯಲ್ಲಿ ಬೈಕಿನವರು. ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಯಂಕಮ್ಮ ಎರಡು ಹಳೇ ಸೀರೆ ತಂದು ಅಂಚಿಗೆ ಅಂಚು ಸೇರಿಸಿ ಹೊಲಿದಳು. ಮೊದಲು ನಾಲ್ಕು ಬಿದಿರು ಕೋಲು ಕಟ್ಟಿ ನೋಡಿದಳು. ಕೆಸರಲ್ಲಿ ಕೋಲು ನಿಲ್ಲಲಿಲ್ಲ, ವಾಲಿ ಬಿದ್ದವು. ಆಮೇಲೆ ಕೋಲು ಬಿಟ್ಟು, ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಬದುವಿನ ಮೇಲೆ ಅರ್ಧ ಸುತ್ತು ಬಳಸಿ ನಿಲ್ಲುವುದು ಅಂತ ಆಯಿತು. ಗಂಟೆಗೊಂದು ಸಲ. ಹಿಡಿಯುವ ಪಾಳಿ ದಿನಾ ಬದಲು. ಸೀರೆ ಎದ್ದಿತೆಂದರೆ ಸುತ್ತಲಿನ ಗಂಡಸರು ಮುಖ ಆ ಕಡೆ ಮಾಡಬೇಕು, ಟ್ರ್ಯಾಕ್ಟರ್ ಮೇಲಿದ್ದವನೂ ಸೈತ. ಅದಕ್ಕೆ ಸೀರಿ ಮರಿ ಅಂತ ಹೆಸರು ಬಿತ್ತು. ಬರೆಯುವವರು ಮರೆ ಅಂತ ಬರೆಯುತ್ತಾರೆ. ಮನೆಯನ್ನು ಮನಿ, ಶಾಲೆಯನ್ನು ಸಾಲಿ ಅನ್ನುವ ಸೀಮೆಯಲ್ಲಿ ಮರೆಯೂ ಮರಿಯೇ.

ಮರುವರ್ಷ ಅದೇ ತಿಂಗಳು ಬುಕ್ಕಿನಲ್ಲಿ ಆರೇ ಹೆಸರು.

ಬಳ್ಳಾರಿ ಗಾಂಧಿನಗರದ ಡಾಕ್ಟರ್ ಶ್ರೀವಲ್ಲಿ ಹಳ್ಳಿ ಸರ್ವೆಗೆ ಬಂದಾಗ ಆ ಬುಕ್ಕು ನೋಡಿದರು. ಎರಡು ಸಲ ಓದಿದರು. ಆಮೇಲೆ ಎಲ್ಲೆಲ್ಲಿಗೋ ಬರೆದರು. ಬಿಸಿಲಲ್ಲಿ ದುಡಿಯುವವರ ಆರೋಗ್ಯದ ಬಗ್ಗೆ ಬ್ಯಾಂಕಾಕಿನಲ್ಲಿ ದೇಶದೇಶದವರು ಸೇರುವ ಒಂದು ಸಮ್ಮೇಳನ ಇತ್ತು. ಅಲ್ಲಿಂದ ಇಬ್ಬರಿಗೂ ಕರೆ ಬಂತು. ಯಂಕಮ್ಮನಿಗೆ ಏಳು ನಿಮಿಷ ಮಾತು.

ಊರೆಲ್ಲ ಖುಷಿ ಪಟ್ಟಿತು, ನಾಟಿ ಗುಂಪು ಒಂದನ್ನು ಬಿಟ್ಟು. ಗುಂಪಿನ ಹಿರಿಯಳು ಜಡೆಮ್ಮ ಬಾಯಿ ಬಿಟ್ಟೇ ಹೇಳಿದಳು.

"ಅಲ್ಲಕ್ಕಾ, ನಾವು ಉಚ್ಚಿಗೆ ಕೂಡ್ರೋದನ್ನ ಪರದೇಶದಾಗ ಮೈಕ್ ಹಾಕಿ ಹೇಳ್ತೀಯ?"

"ಕಾಯಿಲಿ ಮಾತು ಹೇಳ್ತೀನವ್ವಾ."

"ಫೋಟೋ?"

"ಒಂದೂ ಇಲ್ಲ. ಡಾಕ್ಟ್ರಮ್ಮ ಕೇಳಿದ್ರು, ನಾನ ಬ್ಯಾಡ ಅಂದೆ."

ಗುಂಪಿನ ಇಪ್ಪತ್ತೆರಡು ಮಂದಿ ಜಡೆಮ್ಮನ ಬಾಯಿ ನೋಡುತ್ತಿದ್ದರು. "ಹೋಗು. ಹೇಳು. ಆದ್ರ ನಮ್ಮನ್ನ ನೋಡಿ ಒಬ್ರು ನಕ್ರು ಅಂತ ಗೊತ್ತಾತು ಅಂದ್ರ, ಅವತ್ತಿಂದ ಆ ಸೀರಿ ಗಂಟು ನಾವು ಹೊರಾಂಗಿಲ್ಲ. ನೀರೂ ಬ್ಯಾಡ, ಮರಿನೂ ಬ್ಯಾಡ."

ಜಡೆಮ್ಮ ಹಟಕ್ಕೆ ಬಿದ್ದರೆ ಬಿದ್ದಳೇ. ಅವಳು ಬಿಟ್ಟರೆ ಇಪ್ಪತ್ತೆರಡು ಮಂದಿ ಬಿಡುತ್ತಾರೆ, ಅವರನ್ನು ನೋಡಿ ಬೇರೆ ಗುಂಪಿನವರು ಬಿಡುತ್ತಾರೆ. ಬುಕ್ಕಿನಲ್ಲಿ ಮತ್ತೆ ಮೂವತ್ತೊಂದು ಹೆಸರು ಬರುತ್ತವೆ. ಆ ಭಾರ ಹೊತ್ತುಕೊಂಡೇ ಯಂಕಮ್ಮ ವಿಮಾನ ಹತ್ತಿದಳು.

ಸಮ್ಮೇಳನದ ಮೊದಲ ದಿನ ಮಧ್ಯಾಹ್ನ ಬಿಡುವಿತ್ತು. ಶ್ರೀವಲ್ಲಿ ಅವಳನ್ನು ಹೊಳೆಯಲ್ಲಿ ದೋಣಿ ಮೇಲೆ ಕರೆದುಕೊಂಡು ಹೋಗಿ, ಮಲಗಿದ ಬುದ್ಧನನ್ನು ತೋರಿಸಿದರು. ಯಂಕಮ್ಮನ ಮನೆಯಲ್ಲಿ ಬುದ್ಧನ ಫೋಟೋ ಅಂಗೈ ಅಗಲ. ಇಲ್ಲಿ ಬಂಗಾರದ ಬಣ್ಣದ ಬುದ್ಧ ಒಂದು ಓಣಿಯಷ್ಟು ಉದ್ದ. ಅವಳು ಕೈ ಮುಗಿದು, ಪಾದದಿಂದ ತಲೆಯತನಕ ಹೆಜ್ಜೆ ಹಾಕಿ ಎಣಿಸಿದಳು. ಎಪ್ಪತ್ತೆಂಟು ಹೆಜ್ಜೆ. ಜನ ಅಡ್ಡ ಬಂದಿದ್ದರು ಅಂತ ಇನ್ನೊಮ್ಮೆ ಎಣಿಸಿದಳು. ಎಪ್ಪತ್ತಾರು.

"ಬಲಮಗ್ಗಲಿಗೆ ಮಲಗ್ಯಾನ ನೋಡ್ರಿ ಡಾಕ್ಟ್ರಮ್ಮ."

"ಹೌದು, ಯಾಕ?"

"ಏನಿಲ್ಲ. ಬಾಯಿಗೆ ಬಂದಿತ್ತು, ಎಡಕ್ಕ ತಿರುಗು ಅಂತ. ಹದಿನಾರು ವರ್ಷ ಬಸುರೇರಿಗೆ ಹೇಳಿ ಹೇಳಿ ರೂಢಿ."

ಶ್ರೀವಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಬಂದರು.

ಸಂಜೆ ಒಂದು ತೊಡಕು ಬಂತು. ಮರುದಿನ ಹನ್ನೊಂದು ಗಂಟೆಗೆ ಯಂಕಮ್ಮನ ಮಾತು ಇದ್ದರೆ, ಅದೇ ಹನ್ನೊಂದಕ್ಕೆ ಇನ್ನೊಂದು ಹಾಲಿನಲ್ಲಿ ಶ್ರೀವಲ್ಲಿಯ ಮಾತು ಹಾಕಿದ್ದರು. ಯಂಕಮ್ಮನ ಕನ್ನಡವನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕಿದ್ದವರೇ ಶ್ರೀವಲ್ಲಿ. ಸಮ್ಮೇಳನದವರು ಹುಡುಕಿ ಶೀಲಾ ಅನ್ನುವವರನ್ನು ಗೊತ್ತು ಮಾಡಿದರು. ಮೈಸೂರು ಕಡೆಯವರು, ಹನ್ನೆರಡು ವರ್ಷದಿಂದ ಬ್ಯಾಂಕಾಕಿನಲ್ಲೇ ಇದ್ದವರು. ಒಳ್ಳೇ ಹೆಣ್ಣುಮಗಳು. "ಹೆದರ್ಕೋಬೇಡಿ ಆಂಟಿ, ನೀವು ಎರಡೆರಡು ಮಾತು ಹೇಳಿ, ನಾನು ಹಾಗೇ ಹೇಳ್ತೀನಿ" ಅಂದರು.

ಹಾಗೇ ಹೇಳಿದರು. ಎಡವಟ್ಟಾದದ್ದು ಅಲ್ಲೇ.

ಹಾಲಿನಲ್ಲಿ ನೂರು ಮಂದಿಯ ಮೇಲೆ ಇದ್ದರು. ಫೋನಿನಲ್ಲೂ ಅದೇ ಹೊತ್ತಿಗೆ ಕಾಣುತ್ತಿತ್ತು. ಕರೂರಿನಲ್ಲಿ ಆಗ ಒಂಬತ್ತೂವರೆ, ಜಡೆಮ್ಮನ ಸೊಸೆ ಹೇಮಾ ಬದುವಿನ ಮೇಲೆ ಫೋನ್ ಹಿಡಿದು ಎಲ್ಲರನ್ನೂ ಕೂರಿಸಿದ್ದಳು. ಯಂಕಮ್ಮ ಆಶಾ ಸೀರೆಯ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಬಯಲಿನ ಮಾತು, ಬಿಸಿಲಿನ ಮಾತು ಚೆನ್ನಾಗಿ ಸಾಗಿತು. ಜನ ತಲೆದೂಗುತ್ತಿದ್ದರು.

"ಅದಕ್ಕ ಒಂದೊಂದು ಗುಂಪಿಗೂ ಒಂದು ಸೀರಿ ಮರಿ ಮಾಡಿ ಕೊಟ್ಟೆ. ಮರಿ ಹಿಡಿಯಾಕ ಇಬ್ರು ಬೇಕು. ತಾಸಿಗೊಂದು ಸಲ ಹೆಣ್ಣುಮಕ್ಕಳು ಮರಿ ಹಿಂದ ಹೋಗ್ತಾರ. ಬಂದು ನೀರು ಕುಡಿತಾರ."

ಶೀಲಾ ಒಂದು ಗಳಿಗೆ ತಡೆದರು. ಆಮೇಲೆ ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: ಈಕೆ ಒಂದೊಂದು ಗುಂಪಿಗೂ ಸೀರೆ ಉಡಿಸಿದ ಒಂದು ಆಡಿನ ಮರಿ ಕೊಟ್ಟಿದ್ದಾರೆ. ಅದನ್ನು ಹಿಡಿಯೋದಕ್ಕೆ ಇಬ್ಬರು ಬೇಕಾಗುತ್ತೆ. ಗಂಟೆಗೊಮ್ಮೆ ಹೆಂಗಸರೆಲ್ಲ ಆಡಿನ ಮರಿ ಹಿಂದೆ ಓಡುತ್ತಾರೆ, ಆಗ ಬಾಯಾರಿ ನೀರು ಕುಡಿಯುತ್ತಾರೆ.

ಮೊದಲು ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಆಮೇಲೆ ಇಡೀ ಹಾಲು ನಕ್ಕಿತು.

ಯಂಕಮ್ಮನಿಗೆ ಮೊದಲು ನೆನಪಾದದ್ದು ಬದುವಿನ ಮೇಲಿನ ಫೋನು. ಜಡೆಮ್ಮ ಕೇಳಿರುತ್ತಾಳೆ. ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತು? ಶೀಲಾ ಆಡಿದ ಇಂಗ್ಲಿಷನ್ನು ಒಂದೊಂದೇ ಮಾತು ಹಿಂದಕ್ಕೆ ತಡವಿದಳು. ಅದರಲ್ಲಿ ಅವಳಿಗೆ ಗೊತ್ತಿದ್ದ ಮಾತು ಒಂದೇ, ಮೊಮ್ಮಗನ ಪುಸ್ತಕದಲ್ಲಿ ಆಡಿನ ಚಿತ್ರದ ಕೆಳಗಿದ್ದದ್ದು.

"ತಾಯಿ, ಗೋಟು ಎಲ್ಲಿಂದ ಬಂತು?"

"ನೀವೇ ಮರಿ ಅಂದ್ರಲ್ಲ ಆಂಟಿ?"

"ಆಡಿನ ಮರಿ ಅಲ್ಲವ್ವಾ! ಮರಿ! ಕಾಣಬಾರದಂಗ ಅಡ್ಡ ಹಿಡಿಯೋದು!"

"ಅಯ್ಯೋ, ಮರೆ!" ಶೀಲಾ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

ಅವರು ಮೈಕು ಹಿಡಿದು ಸರಿಮಾಡಲು ಹೋದರು. ಯಂಕಮ್ಮ ಬೇಡ ಅಂದಳು. ಮಾತು ಒಮ್ಮೆ ಕೆಟ್ಟಿತ್ತು, ಇನ್ನೊಮ್ಮೆ ಕೆಡಲಿಕ್ಕೆ ಬಿಡಬಾರದು. ವೇದಿಕೆಯ ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿತ್ತು. ಅದರ ಮೇಲಿದ್ದ ನೀರಿನ ಬಾಟಲಿ ನಾಲ್ಕು, ಹೂವಿನ ಕುಂಡ ಒಂದು, ಹೆಸರಿನ ಹಲಗೆ ಮೂರು, ಒಂದೊಂದಾಗಿ ಎತ್ತಿ ನೆಲಕ್ಕಿಟ್ಟಳು. ಅವಸರ ಮಾಡಲಿಲ್ಲ. ನಗು ತಾನಾಗಿ ಇಳಿಯಿತು. ಬಟ್ಟೆ ಎಳೆದು ಒಂದು ತುದಿ ಶೀಲಾ ಕೈಗೆ ಕೊಟ್ಟಳು. ಮುಂದಿನ ಸಾಲಿನಲ್ಲಿ ಆಫ್ರಿಕಾ ಕಡೆಯ ಒಬ್ಬ ದೊಡ್ಡ ಹೆಂಗಸು ಕೂತಿದ್ದರು, ಅವರನ್ನು ಕೈ ಹಿಡಿದು ಎಬ್ಬಿಸಿ ಇನ್ನೊಂದು ತುದಿ ಕೊಟ್ಟಳು.

"ಈಗ ಹೇಳು ತಾಯಿ. ಮರಿ ಎದ್ದೈತಿ. ಗಂಡಸ್ರು ಆ ಕಡೆ ತಿರುಗ್ರಿ."

ಶೀಲಾ ಹೇಳಿದರು. ಯಾರೂ ಅಲ್ಲಾಡಲಿಲ್ಲ. ಯಂಕಮ್ಮ ಕಾದಳು. ವೇದಿಕೆ ಮೇಲಿದ್ದ ಅಧ್ಯಕ್ಷರು, ತಲೆ ನರೆತ ಡಾಕ್ಟರು, ಮೊದಲು ಎದ್ದು ಗೋಡೆ ಕಡೆ ಮುಖ ಮಾಡಿದರು. ಆಮೇಲೆ ಮುಂದಿನ ಸಾಲು, ಅದರ ಹಿಂದಿನ ಸಾಲು. ಕುರ್ಚಿ ಸರಿದ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

ಯಂಕಮ್ಮ ಬಟ್ಟೆಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹತ್ತು ಎಣಿಸಿ ಎದ್ದು ಬಂದಳು. ನೆಲದ ಮೇಲಿದ್ದ ಒಂದು ಬಾಟಲಿ ತೆಗೆದು ಪೂರ್ತಿ ಕುಡಿದಳು. ಆಮೇಲೆ, "ಮೊದಲ ವರ್ಷ ಮೂವತ್ತೊಂದು. ಮರಿ ಬಂದ ಮರುವರ್ಷ ಆರು. ಅದರ ಮುಂದಿನ ವರ್ಷ ನಾಲ್ಕು. ಇಷ್ಟರೀ ನನ್ನ ಮಾತು" ಅಂದಳು.

ಬಟ್ಟೆ ಹಿಡಿದಿದ್ದ ಆಫ್ರಿಕಾದ ಹೆಂಗಸು ಏನೋ ಹೇಳಿದರು. ಶೀಲಾ ತಿಳಿಸಿದರು: "ನಮ್ಮ ಟೀ ತೋಟದಲ್ಲೂ ಹೆಂಗಸರು ನೀರು ಕುಡಿಯೋದಿಲ್ಲ, ಯಾಕೆ ಅಂತ ನಾವು ಯಾರೂ ಕೇಳಿರಲಿಲ್ಲ ಅಂತಿದ್ದಾರೆ ಆಂಟಿ."

ಸಂಜೆ ಯಂಕಮ್ಮ ಜಡೆಮ್ಮನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಹೇಮಾಗೆ ಮಾಡಿದಳು. ಅವಳೂ ಎತ್ತಲಿಲ್ಲ.

ಮೂರನೇ ದಿನ ಎಲ್ಲರನ್ನೂ ಬಸ್ಸಿನಲ್ಲಿ ಹಳೇ ರಾಜಧಾನಿ ಅಯುತ್ತಯಕ್ಕೆ ಕರೆದುಕೊಂಡು ಹೋದರು. ಇಟ್ಟಿಗೆಯ ಎತ್ತರದ ಗುಡಿಗಳು, ಬೇರಿನ ನಡುವೆ ಸಿಕ್ಕಿಕೊಂಡ ಬುದ್ಧನ ಮುಖ. ಶೀಲಾ ರಜೆ ಹಾಕಿ ಜೊತೆಗೆ ಬಂದಿದ್ದರು. ತನ್ನಿಂದ ತಪ್ಪಾಯಿತು ಅಂತ ದಾರಿಯುದ್ದಕ್ಕೂ ಒಂದೊಂದನ್ನೂ ಬಿಡಿಸಿ ಹೇಳಿದರು. ಯಂಕಮ್ಮ ಹೂಂ ಹೂಂ ಅಂದಳು. ಕಣ್ಣು ಕೈಯಲ್ಲಿದ್ದ ಫೋನಿನ ಮೇಲೆ. ಒಂದು ಹೆಜ್ಜೆಯೂ ಎಣಿಸಲಿಲ್ಲ.

ಮಧ್ಯಾಹ್ನ ಬಸ್ಸು ಒಂದು ಭತ್ತದ ಗದ್ದೆ ಪಕ್ಕ ನಿಂತಿತು. ಅಲ್ಲಿ ಯಂತ್ರವೇ ನಾಟಿ ಹಚ್ಚುತ್ತಿತ್ತು. ಯಂಕಮ್ಮ ಬದುವಿನ ಮೇಲೆ ಇಳಿದು ನೋಡುತ್ತಿದ್ದಾಗ ಫೋನ್ ಬಂತು. ಜಡೆಮ್ಮ.

"ಸುಳ್ಳು ಹೇಳಬ್ಯಾಡ. ನಕ್ರೋ ಇಲ್ಲೋ?"

ಇಲ್ಲ ಅನ್ನಬಹುದಿತ್ತು. ಯಂಕಮ್ಮನಿಗೆ ಅದು ಬರದ ಕೆಲಸ. "ನಕ್ರು."

"ಕೇಳಿಸ್ತು ನಮಗ. ನಗು ಬಂದಲ್ಲಿಗೇ ಹೇಮಾನ ಫೋನಾಗ ನೆಟ್ ಖಾಲಿ ಆಗಿ ನಿಂತುಬಿಡ್ತು. ನಾವು ಇವತ್ತು ಗಂಟು ತಂದಿಲ್ಲ. ಮುಂಜಾನಿಂದ ಯಾರೂ ನೀರು ಮುಟ್ಟಿಲ್ಲ."

"ಪೂರಾ ಕೇಳು ಜಡೆಮ್ಮ. ನಮ್ಮ ಮ್ಯಾಲೆ ನಗಲಿಲ್ಲ. ಆಡಿನ ಮ್ಯಾಲೆ ನಕ್ರು."

"ಯಾವ ಆಡು?"

ಯಂಕಮ್ಮ ಮೊದಲಿಂದ ಹೇಳಿದಳು. ಏನೂ ಬಿಡಲಿಲ್ಲ. ಆಡಿಗೆ ಸೀರೆ ಉಡಿಸಿದ್ದು, ಇಬ್ಬರು ಅದನ್ನು ಹಿಡಿದದ್ದು, ಇಪ್ಪತ್ತೆರಡು ಮಂದಿ ಅದರ ಹಿಂದೆ ಓಡಿದ್ದು. ಆ ಕಡೆಯಿಂದ ಜಡೆಮ್ಮನ ನಗು ಬಂತು, ಹೊಟ್ಟೆಯೊಳಗಿಂದ ಎದ್ದು ಕೆಮ್ಮಿನಲ್ಲಿ ಮುಗಿಯುವ ನಗು.

"ಕೇಳ್ರೆಲೇ, ಆಡಿಗೆ ಸೀರಿ ಉಡಿಸೀವಂತ ನಾವು!" ಇಪ್ಪತ್ತೆರಡು ಮಂದಿಯ ಗದ್ದಲ ಫೋನಿನಲ್ಲಿ ತುಂಬಿತು. ಜಡೆಮ್ಮ ಅದರ ಮೇಲೆ ಕೂಗಿ ಕೇಳಿದಳು. "ಆಮ್ಯಾಲೆ ಏನಾತು?"

"ಮೇಜಿನ ಬಟ್ಟಿ ತೆಗದು ಹಿಡಿಸಿ ತೋರಿಸಿದೆ. ಗಂಡಸ್ರಿಗೆ ತಿರುಗ್ರಿ ಅಂದೆ."

"ತಿರುಗಿದ್ರಾ?"

"ಎಲ್ಲಾರೂ. ದೊಡ್ಡ ಡಾಕ್ಟ್ರು ಮೊದಲು."

"ಖರೇ? ಟೈ ಹಾಕ್ಕೊಂಡೋರೂ?"

"ಟೈ ಹಾಕ್ಕೊಂಡೋರ ಜಾಸ್ತಿ ಇದ್ರು. ಅವ್ರೂ ಗ್ವಾಡಿ ನೋಡಿದ್ರು."

ಜಡೆಮ್ಮನ ದನಿ ಫೋನಿನಿಂದ ಆಚೆ ತಿರುಗಿತು. "ಹೇಮಾ, ಓಡಿ ಹೋಗಿ ಮನಿಯಿಂದ ಅದನ್ನ ತಗೊಂಡು ಬಾರಲೇ."

"ಏನತ್ತಿ?"

"ಗೋಟು! ಗೋಟು ತಗೊಂಡು ಬಾ! ಹಂಗ ಬಿಂದಿಗಿ ತುಂಬಿ ಇಡ್ರಿ."

ಅವತ್ತಿನಿಂದ ಕರೂರಿನ ಗದ್ದೆಯಲ್ಲಿ ಹೆಣ್ಣುಮಕ್ಕಳು ಟ್ರ್ಯಾಕ್ಟರಿನವನ ಮುಂದೆಯೇ ಗಟ್ಟಿಯಾಗಿ "ಗೋಟು ಹಿಡಿರ್ಯೇ" ಅಂತ ಕೂಗುತ್ತಾರೆ. ಯಾರಿಗೂ ನಾಚಿಕೆ ಇಲ್ಲ.

ಯಂಕಮ್ಮ ಫೋನ್ ಸೆರಗಿನಲ್ಲಿ ಕಟ್ಟಿಕೊಂಡಳು. ಬಸ್ಸಿನಲ್ಲಿ ಅವಳಿಗಾಗಿ ಕಾಯುತ್ತಿದ್ದರು. ಶ್ರೀವಲ್ಲಿ ಕಿಟಕಿಯಿಂದ, "ಏನಂದ್ರು ಯಂಕಮ್ಮಕ್ಕ?" ಅಂತ ಕೇಳಿದರು.

"ನೀರು ಕುಡಿತಾರಂತ ಡಾಕ್ಟ್ರಮ್ಮ." ಆಮೇಲೆ ಶೀಲಾ ಕಡೆ ತಿರುಗಿದಳು. "ತಾಯಿ, ಮುಂಜಾನಿ ನೀ ತೋರಿಸಿದ್ದು ನಾನು ಒಂದೂ ನೋಡಿಲ್ಲ. ಬೇರಿನಾಗ ಮುಖ ಇತ್ತಲ್ಲ, ಆ ಗುಡಿ. ಮತ್ತೊಮ್ಮೆ ಹೋಗಾಕ ಆಗ್ತೈತೇನು?"

ಬಸ್ಸು ಅದೇ ದಾರಿಯಲ್ಲಿ ಹಿಂತಿರುಗುವುದಿತ್ತು. ಅರ್ಧ ತಾಸು ಇಳಿಸಿದರು. ಯಂಕಮ್ಮ ಬುದ್ಧನ ಮುಖದ ಮುಂದೆ, ಅಲ್ಲಿನವರ ಹಾಗೆ, ತಲೆ ಬಗ್ಗಿಸಿ ಕೂತಳು. ಎದ್ದು ಗೋಡೆ ಗುಂಟ ನಡೆದಳು, ತುಟಿ ಅಲ್ಲಾಡುತ್ತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಶೀಲಾ ಓಡಿ ಬಂದು ಕೈ ಹಿಡಿದರು.

"ನಿಲ್ಲವ್ವಾ, ಎಣಿಕಿ ತಪ್ಪಿಸಬ್ಯಾಡ" ಅಂದಳು ಯಂಕಮ್ಮ. "ಆ ಕಡಿ ಗ್ವಾಡಿ ಒಂದು ಉಳದೈತಿ."