ರಾಚಮ್ಮ ನಂಬದ ಮೊಣಕಾಲು

ಹೊಸ ಅಗ್ರಹಾರದ ರಾಚಮ್ಮ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಡೈರಿಯಲ್ಲಿ ಹಾಲು ಅಳೆಯುವಾಗ ಬಗ್ಗಿ ನೋಡುವಳು. ಅಂಗಡಿಯವನು ಕಟ್ಟಿಕೊಟ್ಟ ಬೆಲ್ಲವನ್ನು ದಾರಿಯಲ್ಲೇ ಬಿಚ್ಚಿ ಮೂಸುವಳು. ಗಂಡ ತೀರಿದ ಮೇಲೆ ದಾಯಾದಿಗಳ ನಡುವೆ ಒಬ್ಬಳೇ ಗದ್ದೆ ಉಳಿಸಿಕೊಂಡಿದ್ದೂ ಆ ಗುಣದಿಂದಲೇ.

ಹೋದ ವರ್ಷ ನಾಟಿಯ ಸಮಯದಲ್ಲಿ ಸೊಸೆ ಮಧುಶ್ರೀ ಬದುವಿನ ಮೇಲೆ ಜಾರಿ ಮೊಣಕಾಲು ತಿರುಚಿಕೊಂಡಳು. ಮೂಳೆಗಳ ನಡುವಿನ ಮೃದ್ವಸ್ಥಿ ಹರಿದಿದೆಯೆಂದು ಮೈಸೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಕಾಲಿಗೆ ಸಿಮೆಂಟ್ ಪಟ್ಟಿಯಿಲ್ಲ, ಉದ್ದನೆಯ ಹೊಲಿಗೆಯಿಲ್ಲ, ಎರಡು ಸಣ್ಣ ತೂತಿನ ಗುರುತು ಅಷ್ಟೇ. ಆದರೂ ಕಾಲು ಊರಬಾರದಂತೆ, ವಾಕರ್ ಹಿಡಿದೇ ಓಡಾಡಬೇಕಂತೆ.

"ಎಲ್ಡು ತೂತಿಗೆ ಇಷ್ಟೊಂದು ಆರೈಕೆ ಏನ್ಲಾ?" ಎಂದಳು ರಾಚಮ್ಮ ಮಗ ಕಿರಣ್‌ಕುಮಾರನಿಗೆ.

"ಒಳ್ಗಡೆ ಒಲ್ದವ್ರೆ ಕಣವ್ವ. ಕ್ಯಾಮೆರಾ ಬುಟ್ಟು ಮಾಡದು."

"ಕ್ಯಾಮೆರಾ ಬುಟ್ರಂತೆ! ಯಾರ್ ಕಂಡೋರು?"

ಕೆಸರಿಗೆ ಇಳಿಯದಿರಲು ಸೊಸೆ ಹೂಡಿದ ಆಟವಿದು ಎಂಬ ಅನುಮಾನ ತಲೆಹೊಕ್ಕಿತು. ಬೇಕೆಂದೇ ನೀರಿನ ಚೊಂಬನ್ನು ದೂರವಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ಮಧುಶ್ರೀ ವಾಕರ್ ಊರಿಕೊಂಡೇ ಹೋದಳು. ತಾನು ನಿಂತದ್ದು ಅವಳಿಗೆ ಗೊತ್ತಾಗಿರಬೇಕು ಎಂದುಕೊಂಡಳು ರಾಚಮ್ಮ.

ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುರ್ಚಿ ಜಾರಿ ಸೊಸೆ ಕೂಗಿಕೊಂಡಳು. ಓಡಿಹೋಗಿ ಹಿಡಿದೆತ್ತುವಾಗ ರಾಚಮ್ಮನ ಕೈ ಅವಳ ಆಪರೇಷನ್ ಆದ ಕಾಲಿನ ತೊಡೆಗೆ ತಾಗಿತು. ಮಾಂಸ ಕರಗಿ ಮೆತ್ತಗಾಗಿತ್ತು. ಇನ್ನೊಂದನ್ನು ಮುಟ್ಟಿ ನೋಡಿದಳು. ಅದು ಗಟ್ಟಿಯಾಗಿತ್ತು. ನಾಟಕವಾಡಿ ಒಂದೇ ತೊಡೆ ಬತ್ತಿಸಿಕೊಳ್ಳಲು ಯಾರಿಂದಾದೀತು?

"ಯಾಕವ್ವ ಇಂಗಾಯ್ತು?"

"ವ್ಯಾಯಾಮ ಮಾಡಿದ್ರೆ ಶಕ್ತಿ ಬತ್ತದಂತೆ ಅತ್ತೆ. ನೋಯ್ತದೆ ಅಂತ ನಾನೇ ಬುಟ್‌ಬುಟ್ಟಿದ್ದೆ. ನಿಮ್ಗೇಳಿದ್ರೆ ಬೈತೀರಿ ಅಂತ..."

ರಾಚಮ್ಮ ಬೈಯಲಿಲ್ಲ. ಕೆ.ಆರ್. ನಗರದ ಫಿಸಿಯೋಥೆರಪಿಸ್ಟ್ ಬೃಂದಾ ಬಳಿಗೆ ಸೊಸೆಯೊಂದಿಗೆ ತಾನೂ ಹೋದಳು. "ಬಗ್ಸಿ ಬಗ್ಸಿ ಒಲ್ಗೆ ಕಿತ್ತಾಕ್‌ಬುಟ್ಟೀರಿ ಕಣವ್ವ" ಎಂದು ಅವಳ ಮೇಲೂ ಕಣ್ಣಿಟ್ಟಳು. ಎಷ್ಟು ಬಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೃಂದಾ ರಾಚಮ್ಮನ ಕೈಯನ್ನೇ ಸೊಸೆಯ ಮೊಣಕಾಲಿನ ಮೇಲಿರಿಸಿ ತೋರಿಸಿದಳು.

ಆಮೇಲೆ ಮಧುಶ್ರೀಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. "ಮಾಡ್ದೆ ಅತ್ತೆ" ಎಂದರೆ, "ನಾ ಕಾಣ್ನಿಲ್ವಲ್ಲ, ನನ್ ಮುಂದೆ ಮಾಡು" ಎನ್ನುವಳು. ಸೊಸೆಯ ಕಣ್ಣಲ್ಲಿ ನೀರು ಬಂದರೆ ಮುಖ ತಿರುಗಿಸಿ, ಮೊಣಕಾಲಿನಡಿಯ ಟವೆಲ್ ಸುರುಳಿಯನ್ನು ಸರಿಪಡಿಸುವಳು.

ಭತ್ತ ಹಣ್ಣಾಗುವ ಹೊತ್ತಿಗೆ ಮಧುಶ್ರೀ ವಾಕರ್ ಬಿಟ್ಟು ಗದ್ದೆಯತನಕ ನಡೆದಳು. ಕುಕ್ಕರಗಾಲಲ್ಲಿ ಕೂರುವುದು ಇನ್ನೂ ಬೇಡವೆಂದು ಬೃಂದಾ ಹೇಳಿದ್ದಳು.

"ಕುಯ್ಲಿಗೆ ಆಳು ಕರ್ದಿವ್ನಿ" ಎಂದಳು ರಾಚಮ್ಮ. "ನೀ ಕುರ್ಚಿ ಆಕೊಂಡ್ ಕೂತ್ಕೊ. ಅವ್ರು ಕೆಲ್ಸ ಕದೀದಂಗೆ ನೋಡ್ಕೊ."